ಮಗ್ಗದಿಂದ ಚದುರಂಗದ ಮಣೆಗೆ

ಕಳೆದ ದೀಪಾವಳಿ ರಜೆಗೆ ಮುಧೋಳದಿಂದ ಮಗಳು, ಮೊಮ್ಮಗಳು ಜಮಖಂಡಿಗೆ ಬಂದಿದ್ದರು. ಏಳು ವರ್ಷದ ಮೊಮ್ಮಗಳು ಬಂದವಳೇ, "ಆಯಿ, ನಿನ್ನ ಕಂಪ್ಯೂಟರಿನ್ಯಾಗ ಚೆಸ್ ಹಾಕಿಕೊಡ" ಎಂದಳು. ಅಡುಗೆಮನೆಯಲ್ಲಿ ಚಕ್ಕಲಿ ಕರಿಯುತ್ತಿದ್ದ ಮಗಳು ಒಮ್ಮೆ ನನ್ನ ಮುಖ ನೋಡಿ ಸುಮ್ಮನಾದಳು. ಆ ನೋಟದ ಹಿಂದೆ ಒಂದು ಹಳೆಯ ಕಥೆಯಿದೆ.

ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂದದ್ದು 2003ರಲ್ಲಿ. ಮಗಳು ಆಗ ಆರನೆಯ ಇಯತ್ತೆ. ಓಣಿಯ ಕಟ್ಟೆಯ ಮೇಲೆ ಗಂಡಸರು ಚದುರಂಗ ಆಡುವುದನ್ನು ದೂರ ನಿಂತು ನೋಡಿಯೇ ನಡೆಗಳನ್ನು ಕಲಿತಿದ್ದಳು. ಹೆಣ್ಣುಹುಡುಗಿಯನ್ನು ಆ ಕಟ್ಟೆಯ ಮೇಲೆ ಯಾರು ಕೂಡಿಸಿಕೊಳ್ಳಬೇಕು? ಮನೆಯಲ್ಲಿಯೇ ಆಡಲಿ ಎಂದು ಹುಬ್ಬಳ್ಳಿಗೆ ಹೋದಾಗ ಚದುರಂಗದ ಸಿ.ಡಿ. ಕೊಳ್ಳಲು ಹೋದೆ. ಅಂಗಡಿಯವನು ಎರಡು ಮೂರು ತೋರಿಸಿದ. "ಇದರಾಗ ಎಲ್ಲಕ್ಕಿಂತ ಜೋರಿಂದು ಯಾವುದು?" ಎಂದು ಕೇಳಿ ಅದನ್ನೇ ತಂದೆ.

ನನ್ನ ತಲೆಯಲ್ಲಿ ಆಗ 1997ರ ಸುದ್ದಿಯಿತ್ತು. ಆ ವರ್ಷ ಮೇ 11ರಂದು ನ್ಯೂಯಾರ್ಕಿನಲ್ಲಿ ಐ.ಬಿ.ಎಂ. ಕಂಪನಿಯ ಡೀಪ್ ಬ್ಲೂ ಯಂತ್ರ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೊವ್‌ರನ್ನು ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿತ್ತು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಪರೀಕ್ಷಿಸುವ ಯಂತ್ರ ಅದು.

ಅಷ್ಟೊಂದು ಲೆಕ್ಕ ಏಕೆ ಬೇಕು ಎಂದು ನೀವು ಕೇಳಬಹುದು. ಆಟದ ಮೊದಲಲ್ಲಿ ಬಿಳಿಯವನಿಗೆ 20 ನಡೆಗಳಿವೆ, ಕರಿಯವನಿಗೂ 20. ಇಬ್ಬರೂ ಒಂದೊಂದು ನಡೆ ಇಡುವಷ್ಟರಲ್ಲಿ 400 ದಾರಿಗಳಾದವು. ಯಂತ್ರ ಈ ದಾರಿಗಳನ್ನು ಮುಂದಕ್ಕೆ ಹಿಡಿದು ಹೋಗಿ, ಯಾವುದರಲ್ಲಿ ತನಗೆ ಲಾಭವೆಂದು ತೂಗಿ ನೋಡುತ್ತದೆ. ಹೀಗೆ ಆಡಿಸುವ ಬಗೆಯನ್ನು 1950ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಬರೆದು ತೋರಿಸಿದರು.

ಆದರೆ ಇದರ ಬೇರು ಇನ್ನೂ ಹಿಂದಿನದು, ನನ್ನ ತವರಿನವರಿಗೆ ಪರಿಚಯದ್ದೇ. ನನ್ನ ತವರು ಬನಹಟ್ಟಿ. ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಪಟ್ಟಿಗಳು ಒಂದರ ಹಿಂದೊಂದು ಇಳಿದು, ಸೀರೆಯ ಅಂಚಿನಲ್ಲಿ ಹೂಬಳ್ಳಿ ಮೂಡಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ಕಂಡುಹಿಡಿದ ಈ ಮಗ್ಗದ ಪಟ್ಟಿಗಳನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತಮ್ಮ ಗಣಕಯಂತ್ರದ ಯೋಜನೆಗೆ ಬಳಸಿಕೊಂಡರು. ಆ ಯಂತ್ರ ಗಣಿತವನ್ನು ನೇಯುತ್ತದೆಂದು 1843ರಲ್ಲಿ ವಿವರಿಸಿದಾಕೆ ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು. ಇಂಥ ಯಂತ್ರ ಚದುರಂಗವನ್ನೂ ಆಡಬಲ್ಲದೆಂದು ಬ್ಯಾಬೇಜ್ 1864ರ ತಮ್ಮ ಆತ್ಮಕಥೆಯಲ್ಲಿ ಬರೆದರು.

ಆಟವಂತೂ ನಮ್ಮದೇ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಇದರ ವರ್ಣನೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಓಡಿಸುವ ಲೆಕ್ಕಗಳನ್ನು ರಚಿಸಿದರು. ಹೆಂಗಸರಿಗೆಂದೇ ರಾಷ್ಟ್ರೀಯ ಪಂದ್ಯ ನಡೆಯಲು ಮಾತ್ರ 1974ರವರೆಗೆ ಕಾಯಬೇಕಾಯಿತು. ಅದು ನಡೆದದ್ದು ಬೆಂಗಳೂರಿನಲ್ಲಿ, ಗೆದ್ದಾಕೆ ವಾಸಂತಿ ಖಾಡಿಲ್ಕರ್.

ನಾನು ತಂದ ಜೋರಿನ ಸಿ.ಡಿ. ನನ್ನ ಮಗಳನ್ನು ದಿನಾ ಸಂಜೆ ಸೋಲಿಸಿತು. ಹದಿನೈದು ನಡೆ, ಇಪ್ಪತ್ತು ನಡೆ, ಅಷ್ಟರಲ್ಲಿ ಆಟ ಮುಗಿಯುತ್ತಿತ್ತು. ನಾನು ಉತ್ತರಪತ್ರಿಕೆ ತಿದ್ದುತ್ತ, "ಆಡು, ಆಡ್ತಾ ಆಡ್ತಾ ಬರತೈತಿ" ಎನ್ನುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಆಕೆ ಸಿ.ಡಿ.ಯನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟಳು. "ಅವ್ವಾ, ಇದು ಏನೂ ಕಲಸೂದಿಲ್ಲ. ಬರೇ ಸೋಲಸತೈತಿ."

ತರಗತಿಯಲ್ಲಿ ಒಂದನೆಯ ಮಗುವಿಗೆ ಹತ್ತನೆಯ ಲೆಕ್ಕ ಕೊಡುವ ಶಿಕ್ಷಕಿಯನ್ನು ನಾನೇ ಟೀಕಿಸುತ್ತಿದ್ದೆ. ಮನೆಯಲ್ಲಿ ಅದನ್ನೇ ಮಾಡಿದ್ದೆ. ಆಟದ ಮಟ್ಟ ಇಳಿಸುವ ಸೌಕರ್ಯ ಅದರಲ್ಲಿಯೂ ಇತ್ತೇನೋ, ಹುಡುಕಿ ನೋಡುವ ತಾಳ್ಮೆ ನನಗಿರಲಿಲ್ಲ. ವಿಶ್ವನಾಥನ್ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅವರಿಗೆ ಆರನೆಯ ವಯಸ್ಸಿನಲ್ಲಿ ಆಟ ಕಲಿಸಿದಾಕೆ ತಾಯಿ ಸುಶೀಲಾ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈ ಸಲ ಮೊಮ್ಮಗಳಿಗಾಗಿ ಆರಿಸುವಾಗ ಬಲದ ಮಾತೇ ಎತ್ತಲಿಲ್ಲ. 2008ರಲ್ಲಿ ಹುಟ್ಟಿದ ಸ್ಟಾಕ್‌ಫಿಶ್ ಎಂಬ ತಂತ್ರಾಂಶ ಇಂದು ವಿಶ್ವ ಚಾಂಪಿಯನ್ನರನ್ನೂ ಸೋಲಿಸಬಲ್ಲದು, ಅದೂ ಪುಕ್ಕಟೆ. ನಾನು ನೋಡಿದ್ದು ಬೇರೆ ಮೂರು ಗುಣ. ಮಗುವಿನ ಮಟ್ಟಕ್ಕೆ ಇಳಿದು ಆಡಬೇಕು. ತಪ್ಪಿದ ನಡೆಯನ್ನು ಹಿಂದಕ್ಕೆ ಪಡೆಯಲು ಬಿಡಬೇಕು. ಆಟ ಮುಗಿದ ಮೇಲೆ ಎಲ್ಲಿ ತಪ್ಪಾಯಿತೆಂದು ತೋರಿಸಬೇಕು. 2010ರಲ್ಲಿ ಆರಂಭವಾದ ಲಿಚೆಸ್‌ನಲ್ಲಿ ಈ ಮೂರೂ ಇವೆ, ಹಣ ಕೇಳುವುದಿಲ್ಲ. ಎಂಟು ಮಟ್ಟಗಳಲ್ಲಿ ಮೊದಲನೆಯದನ್ನು ಹಾಕಿ, ಈ ಸಲ ನಾನೂ ಪಕ್ಕದಲ್ಲಿ ಕುಳಿತೆ.

ಮೊಮ್ಮಗಳು ಕುದುರೆಗೆ ಕೈ ಹಾಕಿದಳು. ಹಿಂದಿನಿಂದ ದನಿ ಬಂತು: "ಆ ಕುದುರಿ ತಗೀಬ್ಯಾಡ, ಹಿಂದ ಆನಿ ಕಾಯಾಕತ್ತೈತಿ." ಹಿಟ್ಟಿನ ಕೈಯಲ್ಲೇ ಮಗಳು ಬಂದು ನಿಂತಿದ್ದಳು. ಇಪ್ಪತ್ತು ವರ್ಷವಾದರೂ ಆಟ ಮರೆತಿರಲಿಲ್ಲ.

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಉಳಿದ ಚಕ್ಕಲಿ ಕರಿಯುವ ಪಾಳಿ ನನ್ನದಾಯಿತು.