ಉಪಗ್ರಹ ಉಡಾವಣೆಗಳು ಹಾಗೂ ಕರಾವಳಿಯ ಜನತೆಗೆ ದೊರೆಯುವ ಸೇವೆಗಳು – ಸಾರ್ವಜನಿಕ ಮಾಹಿತಿ

1. ಪೀಠಿಕೆ

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) ಕೈಗೊಳ್ಳುವ ರಾಕೆಟ್ ಉಡಾವಣೆಗಳ ಬಗ್ಗೆ ಸಾರ್ವಜನಿಕರು ಪತ್ರಿಕೆ ಹಾಗೂ ದೂರದರ್ಶನದ ಮೂಲಕ ತಿಳಿಯುತ್ತಿರುತ್ತಾರೆ. ಆದರೆ ಸದರಿ ಉಡಾವಣೆಗಳಿಂದ ಕಡಲಿಗೆ ಇಳಿಯುವ ಮೀನುಗಾರರಿಗೆ ಹಾಗೂ ಕುಂದಾಪುರ ತಾಲ್ಲೂಕಿನ ಗುಲ್ವಾಡಿಯಂತಹ ಗ್ರಾಮಗಳ ಕೃಷಿಕರಿಗೆ ಯಾವ ಸೇವೆಗಳು ಲಭ್ಯವಾಗುತ್ತವೆ, ಅವುಗಳನ್ನು ಪಡೆಯಲು ಏನು ಮಾಡಬೇಕು ಎಂಬ ಮಾಹಿತಿ ಎಲ್ಲರಿಗೂ ತಲುಪಿರುವುದಿಲ್ಲ. ಈ ಹಿನ್ನೆಲೆಯಲ್ಲಿ ಅರ್ಜಿದಾರರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಕ್ರೋಡೀಕರಿಸಲಾಗಿದೆ.

ಉಪಗ್ರಹ ಆಕಾಶಕ್ಕೆ ಏರಿದ ಮಾತ್ರಕ್ಕೆ ಸೇವೆ ದೊರೆತಂತಾಗುವುದಿಲ್ಲ. ಉಡಾವಣೆ, ಕಕ್ಷೆ, ಭೂಕೇಂದ್ರ, ದೋಣಿಯಲ್ಲಿನ ಉಪಕರಣ ಹಾಗೂ ದೋಣಿಯ ನೋಂದಣಿ ದಾಖಲೆ ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಇವುಗಳಲ್ಲಿ ಕೊನೆಯ ಎರಡು ಕೊಂಡಿಗಳನ್ನು ಸರಿಪಡಿಸಿಕೊಳ್ಳುವುದು ದೋಣಿ ಮಾಲೀಕರ ಕೈಯಲ್ಲಿಯೇ ಇರುತ್ತದೆ.

2. ಕರ್ನಾಟಕದ ಪಾತ್ರ

ಉಡುಪಿ ಸಮೀಪದ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ದೇಶದ ಮೊದಲ ಉಪಗ್ರಹ ‘ಆರ್ಯಭಟ’ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧಗೊಂಡಿತು. ಸುಮಾರು 360 ಕಿ.ಗ್ರಾಂ ತೂಕದ ಈ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಅಂದಿನ ಸೋವಿಯತ್ ಒಕ್ಕೂಟದ ರಾಕೆಟ್ ಮೂಲಕ ಉಡಾಯಿಸಲಾಯಿತು. ಪ್ರೊ. ರಾವ್ ಅವರು 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರನ್ನು ಇಡಲಾಗಿದೆ.

ಭೂಸ್ಥಿರ ಉಪಗ್ರಹಗಳ ನಿಯಂತ್ರಣ ಕೇಂದ್ರವು ಹಾಸನದಲ್ಲಿಯೂ, ಚಂದ್ರ ಮತ್ತು ಸೂರ್ಯನ ಅಧ್ಯಯನಕ್ಕೆ ತೆರಳಿದ ನೌಕೆಗಳೊಂದಿಗೆ ಸಂಪರ್ಕ ಸಾಧಿಸುವ ಬೃಹತ್ ಆಂಟೆನಾಗಳು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿಯೂ ಇವೆ.

3. ಉಡಾವಣಾ ವಾಹನಗಳು

ಉಡಾವಣೆಗಳು ಆಂಧ್ರಪ್ರದೇಶದ ಶ್ರೀಹರಿಕೋಟಾದಿಂದ ನಡೆಯುತ್ತವೆ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ, ಪೂರ್ವ ದಿಕ್ಕಿಗೆ ಹಾರುವ ರಾಕೆಟ್‌ಗೆ ಭೂಮಿಯ ವೇಗವೂ ಸೇರಿಕೊಳ್ಳುತ್ತದೆ. ಕಳಚಿ ಬೀಳುವ ಭಾಗಗಳು ಬಂಗಾಳ ಕೊಲ್ಲಿಯ ನೀರಿಗೆ ಬೀಳುತ್ತವೆ. ನಮ್ಮ ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಉಡಾಯಿಸಿದಲ್ಲಿ ಅವು ಜನವಸತಿಯ ಮೇಲೆ ಬೀಳುವ ಅಪಾಯವಿರುತ್ತದೆ. ಬಳಕೆಯಲ್ಲಿರುವ ಪ್ರಮುಖ ವಾಹನಗಳು ಈ ಕೆಳಕಂಡಂತಿವೆ:

(ಅ) ಪಿಎಸ್‌ಎಲ್‌ವಿ: ನಾಲ್ಕು ಹಂತಗಳ ವಾಹನ. ಭೂವೀಕ್ಷಣಾ ಉಪಗ್ರಹಗಳಿಗೆ ಹೆಚ್ಚಾಗಿ ಬಳಸಲಾಗುತ್ತದೆ.

(ಆ) ಜಿಎಸ್‌ಎಲ್‌ವಿ: ಮೂರು ಹಂತಗಳ ವಾಹನ. ಮೇಲಿನ ಹಂತದಲ್ಲಿ ಕ್ರಯೋಜೆನಿಕ್ ಎಂಜಿನ್ ಇದೆ. ಹವಾಮಾನ ಹಾಗೂ ಪಥದರ್ಶಕ ಉಪಗ್ರಹಗಳಿಗೆ ಬಳಕೆಯಾಗುತ್ತದೆ.

(ಇ) ಎಲ್‌ವಿಎಂ-3: ಭಾರವಾದ ಉಪಗ್ರಹಗಳಿಗಾಗಿ ರೂಪಿಸಿದ ವಾಹನ. 2023ರ ಜುಲೈ 14ರಂದು ಚಂದ್ರಯಾನ-3 ಈ ವಾಹನದಲ್ಲಿಯೇ ತೆರಳಿ, ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು.

4. ಇತ್ತೀಚಿನ ಪ್ರಮುಖ ಉಡಾವಣೆಗಳು

(ಅ) 2022ರ ನವೆಂಬರ್ 26: ಸಾಗರ ವೀಕ್ಷಣಾ ಉಪಗ್ರಹ ಇಒಎಸ್-06 (ಓಷನ್‌ಸ್ಯಾಟ್-3), ಪಿಎಸ್‌ಎಲ್‌ವಿ-ಸಿ54 ಮೂಲಕ.

(ಆ) 2024ರ ಫೆಬ್ರವರಿ 17: ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್, ಜಿಎಸ್‌ಎಲ್‌ವಿ-ಎಫ್14 ಮೂಲಕ. ಶೋಧ ಮತ್ತು ರಕ್ಷಣಾ ಕಾರ್ಯಕ್ಕೆ ನೆರವಾಗುವ ಉಪಕರಣವೂ ಇದರಲ್ಲಿದೆ.

(ಇ) 2025ರ ಜನವರಿ 29: ಪಥದರ್ಶಕ ಉಪಗ್ರಹ ಎನ್‌ವಿಎಸ್-02. ಇದು ಶ್ರೀಹರಿಕೋಟಾದ 100ನೇ ಉಡಾವಣೆ. ರಾಕೆಟ್ ತನ್ನ ಕಾರ್ಯವನ್ನು ಯಶಸ್ವಿಯಾಗಿ ಪೂರೈಸಿತು. ಆದರೆ ಉಪಗ್ರಹದ ಎಂಜಿನ್‌ಗೆ ಉತ್ಕರ್ಷಕ ಪೂರೈಸುವ ಕವಾಟ ತೆರೆಯದ ಕಾರಣ ನಿಗದಿತ ಕಕ್ಷೆಗೆ ಏರಿಸಲು ಸಾಧ್ಯವಾಗಲಿಲ್ಲ.

(ಈ) 2025ರ ಮೇ 18: ಪಿಎಸ್‌ಎಲ್‌ವಿ-ಸಿ61ರ ಮೂರನೇ ಹಂತದಲ್ಲಿ ದೋಷ ಉಂಟಾಗಿ, ಭೂವೀಕ್ಷಣಾ ಉಪಗ್ರಹ ಇಒಎಸ್-09 ಕಕ್ಷೆ ಸೇರಲಿಲ್ಲ.

(ಉ) 2025ರ ಜುಲೈ 30: ಇಸ್ರೋ ಮತ್ತು ಅಮೆರಿಕದ ನಾಸಾ ಜಂಟಿಯಾಗಿ ನಿರ್ಮಿಸಿದ ನಿಸಾರ್ ಉಪಗ್ರಹ, ಜಿಎಸ್‌ಎಲ್‌ವಿ-ಎಫ್16 ಮೂಲಕ. ಇದರ ರೇಡಾರ್ ಮೋಡ ಕವಿದಿದ್ದರೂ, ಕತ್ತಲಾಗಿದ್ದರೂ ಭೂಮಿಯನ್ನು ವೀಕ್ಷಿಸಬಲ್ಲದು. ಒಂದೇ ಪಥದ ವೀಕ್ಷಣೆ 12 ದಿನಗಳಿಗೊಮ್ಮೆ ಪುನರಾವರ್ತನೆಯಾಗುತ್ತದೆ.

(ಊ) 2025ರ ನವೆಂಬರ್ 2: ನೌಕಾಪಡೆಯ ಬಳಕೆಗಾಗಿ ಸುಮಾರು 4,400 ಕಿ.ಗ್ರಾಂ ತೂಕದ ಸಂವಹನ ಉಪಗ್ರಹ ಸಿಎಂಎಸ್-03, ಎಲ್‌ವಿಎಂ-3 ಮೂಲಕ.

5. ಕರಾವಳಿಗೆ ದೊರೆಯುವ ಸೇವೆಗಳು

(ಅ) ಹವಾಮಾನ ಮುನ್ಸೂಚನೆ: ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸಾಟ್ ಸರಣಿಯ ಉಪಗ್ರಹಗಳು ಅರಬ್ಬೀ ಸಮುದ್ರದ ಮೋಡ ಮತ್ತು ಚಂಡಮಾರುತಗಳನ್ನು ನಿರಂತರವಾಗಿ ಗಮನಿಸುತ್ತವೆ. ಭಾರತೀಯ ಹವಾಮಾನ ಇಲಾಖೆಯ ಎಚ್ಚರಿಕೆಗಳಿಗೆ ಈ ಚಿತ್ರಗಳು ಪ್ರಮುಖ ಆಧಾರವಾಗಿವೆ. ಭತ್ತದ ನಾಟಿ ಹಾಗೂ ಕಟಾವಿನ ದಿನಗಳನ್ನು ನಿರ್ಧರಿಸಲು ಕೃಷಿಕರಿಗೂ ಇವು ಉಪಯುಕ್ತ.

(ಆ) ಮೀನು ಲಭ್ಯತಾ ವಲಯದ ಮಾಹಿತಿ: ಸಮುದ್ರದ ಮೇಲ್ಮೈ ಉಷ್ಣತೆ ಹಾಗೂ ನೀರಿನ ಬಣ್ಣದಿಂದ ತಿಳಿಯುವ ಹರಿತ್ತಿನ ಪ್ರಮಾಣವನ್ನು ಪರಿಶೀಲಿಸಿ, ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮೀನು ಸಿಗುವ ಸಂಭವವಿರುವ ಸ್ಥಳಗಳನ್ನು ಪ್ರಕಟಿಸುತ್ತದೆ. ಹುಡುಕಾಟ ಕಡಿಮೆಯಾದಷ್ಟೂ ಡೀಸೆಲ್ ಉಳಿತಾಯವಾಗುತ್ತದೆ.

(ಇ) ಅಪಾಯ ಸೂಚಕ ಉಪಕರಣ: 2010ರಿಂದ ಬಳಕೆಯಲ್ಲಿರುವ ಈ ಉಪಕರಣದ ಗುಂಡಿ ಒತ್ತಿದಲ್ಲಿ, ದೋಣಿಯ ಗುರುತು ಮತ್ತು ಸ್ಥಾನ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ತಲುಪಿ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ರವಾನೆಯಾಗುತ್ತದೆ. ಎರಡನೇ ಪೀಳಿಗೆಯ ಉಪಕರಣದಲ್ಲಿ, ಸಂದೇಶ ತಲುಪಿದೆ ಎಂಬ ಉತ್ತರವೂ ದೋಣಿಗೆ ಮರಳಿ ಬರುತ್ತದೆ. ಇದನ್ನು ಮೊಬೈಲ್‌ಗೆ ಜೋಡಿಸಿ ಸಂದೇಶಗಳನ್ನು ಸ್ಥಳೀಯ ಭಾಷೆಯಲ್ಲಿ ಓದಬಹುದಾಗಿದೆ.

(ಈ) ಟ್ರಾನ್ಸ್‌ಪಾಂಡರ್: ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ 1 ಲಕ್ಷ ಯಾಂತ್ರೀಕೃತ ಹಾಗೂ ಮೋಟಾರೀಕೃತ ದೋಣಿಗಳಿಗೆ ಹಂತ ಹಂತವಾಗಿ ಟ್ರಾನ್ಸ್‌ಪಾಂಡರ್ ಅಳವಡಿಸುವ ಕಾರ್ಯಕ್ರಮಕ್ಕೆ 2024ರ ಆಗಸ್ಟ್ 30ರಂದು ರಾಷ್ಟ್ರಮಟ್ಟದಲ್ಲಿ ಚಾಲನೆ ನೀಡಲಾಯಿತು. ಮೊಬೈಲ್ ಸಂಪರ್ಕ ದೊರೆಯದ ದೂರದಲ್ಲಿಯೂ ದೋಣಿ ಮತ್ತು ದಡದ ನಡುವೆ ಸಂದೇಶ ವಿನಿಮಯಕ್ಕೆ ಇದರಿಂದ ಅವಕಾಶವಾಗುತ್ತದೆ.

6. ಸ್ಥಾನ ಮಾಹಿತಿಯ ಮಹತ್ವ

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಆಳ ಸಮುದ್ರ ಮೀನುಗಾರಿಕೆಗೆ ತೆರಳಿದ ‘ಸುವರ್ಣ ತ್ರಿಭುಜ’ ದೋಣಿಯು 7 ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ವ್ಯಾಪಕ ಶೋಧದ ನಂತರ, 2019ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ದೋಣಿಯ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿತು. ಅಲ್ಲಿಯವರೆಗೆ ಸುಮಾರು ನಾಲ್ಕೂವರೆ ತಿಂಗಳು ಕುಟುಂಬದವರು ಯಾವುದೇ ಖಚಿತ ಮಾಹಿತಿ ಇಲ್ಲದೆ ಕಾಯಬೇಕಾಯಿತು.

ದೋಣಿಯು ಕೊನೆಯದಾಗಿ ತಿಳಿದ ಸ್ಥಾನದಿಂದ 50 ಕಿ.ಮೀ. ಒಳಗೆ ಎಲ್ಲಿಯಾದರೂ ಇರಬಹುದೆಂದಾದಲ್ಲಿ, ಹುಡುಕಬೇಕಾದ ನೀರಿನ ವಿಸ್ತಾರ ಸುಮಾರು 7,850 ಚದರ ಕಿ.ಮೀ. ಆಗುತ್ತದೆ. ಇದು ಉಡುಪಿ ಜಿಲ್ಲೆಯ ವಿಸ್ತೀರ್ಣದ ಸುಮಾರು ಎರಡು ಪಟ್ಟು. ಸ್ಥಾನವು 1 ಕಿ.ಮೀ. ಅಂತರದೊಳಗೆ ಖಚಿತವಾಗಿ ತಿಳಿದಲ್ಲಿ ಈ ವಿಸ್ತಾರ ಸುಮಾರು 3 ಚದರ ಕಿ.ಮೀ.ಗೆ ಇಳಿಯುತ್ತದೆ.

7. ಸೇವೆಗಳ ಮಿತಿಗಳು

(ಅ) ದಟ್ಟ ಮೋಡ ಕವಿದಿರುವಾಗ ಹಾಗೂ ಪಶ್ಚಿಮ ಕರಾವಳಿಯ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ (ಜೂನ್ 1ರಿಂದ ಜುಲೈ 31) ಮೀನು ಲಭ್ಯತಾ ವಲಯದ ಮಾಹಿತಿ ದೊರೆಯುವುದಿಲ್ಲ.

(ಆ) ಉಪಕರಣಕ್ಕೆ ಆಕಾಶ ನೇರವಾಗಿ ಕಾಣುವಂತಿರಬೇಕು. ಬಲೆ, ಟಾರ್ಪಾಲು ಇತ್ಯಾದಿಗಳಿಂದ ಮುಚ್ಚಬಾರದು.

(ಇ) ಉಪಕರಣವು ಸ್ಥಾನವನ್ನು ತಿಳಿಸುತ್ತದೆಯೇ ಹೊರತು ಜೀವರಕ್ಷಕ ಜಾಕೆಟ್‌ಗೆ ಬದಲಿಯಾಗುವುದಿಲ್ಲ.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ದೋಣಿಯ ನೋಂದಣಿ ಹಾಗೂ ಮೀನುಗಾರಿಕೆ ಪರವಾನಗಿ ಚಾಲ್ತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳುವುದು.

(ಆ) ದೋಣಿ ಮಾರಾಟವಾಗಿದ್ದಲ್ಲಿ, ಹೊಸ ಮಾಲೀಕರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ದಾಖಲೆಯಲ್ಲಿ ತಪ್ಪದೆ ಬದಲಾಯಿಸಿಕೊಳ್ಳುವುದು. ಅಪಾಯದ ಸಂದೇಶ ಬಂದಾಗ, ದಾಖಲೆಯಲ್ಲಿರುವ ಹಳೆಯ ಮಾಲೀಕರನ್ನು ವಿಚಾರಿಸುವುದರಲ್ಲಿಯೇ ಅಮೂಲ್ಯ ಸಮಯ ವ್ಯರ್ಥವಾಗಬಹುದು.

(ಇ) ಒಂದು ದೋಣಿಗೆ ನೀಡಿದ ಉಪಕರಣವನ್ನು ಮತ್ತೊಂದು ದೋಣಿಗೆ ಕೊಂಡೊಯ್ಯಬಾರದು. ಹಾಗೆ ಮಾಡಿದಲ್ಲಿ ರಕ್ಷಣಾ ತಂಡಕ್ಕೆ ತಪ್ಪು ದೋಣಿಯ ವಿವರ ತಲುಪುತ್ತದೆ.

(ಈ) ತಾಂಡೇಲರು ಮಾತ್ರವಲ್ಲದೆ ದೋಣಿಯಲ್ಲಿರುವ ಕನಿಷ್ಠ ಮತ್ತೊಬ್ಬರಾದರೂ ಉಪಕರಣದ ಬಳಕೆ ಅರಿತಿರಬೇಕು.

(ಉ) ಹೊರಡುವ ಮುನ್ನ ಸಿಬ್ಬಂದಿಯ ಹೆಸರುಗಳ ಪಟ್ಟಿಯನ್ನು ದಡದಲ್ಲಿರುವವರಿಗೆ ನೀಡುವುದು.

(ಊ) ತುರ್ತು ಸಂದರ್ಭದಲ್ಲಿ ಕರಾವಳಿ ರಕ್ಷಣಾ ಪಡೆಯ ಶುಲ್ಕರಹಿತ ದೂರವಾಣಿ ಸಂಖ್ಯೆ 1554ನ್ನು ಸಂಪರ್ಕಿಸುವುದು.

ಉಪಕರಣ ಅಳವಡಿಕೆ, ನೋಂದಣಿ ನವೀಕರಣ ಹಾಗೂ ವಿವರಗಳ ತಿದ್ದುಪಡಿಗೆ ಸಂಬಂಧಿಸಿದಂತೆ, ಅರ್ಜಿದಾರರು ಮೂಲ ದಾಖಲೆಗಳೊಂದಿಗೆ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ನಿಷೇಧದ ಅವಧಿಯಲ್ಲಿ ದೋಣಿಗಳು ದಡದಲ್ಲಿರುವುದರಿಂದ ಪರಿಶೀಲನೆ ಹಾಗೂ ದುರಸ್ತಿಗೆ ಅದು ಸೂಕ್ತ ಸಮಯ. ಗಂಗೊಳ್ಳಿ, ಮರವಂತೆ, ಕೋಡಿ ಹಾಗೂ ಇತರೆ ಭಾಗಗಳ ದೋಣಿ ಮಾಲೀಕರು ಹೊಸ ಋತು ಆರಂಭವಾಗುವ ಮುನ್ನವೇ ತಮ್ಮ ದಾಖಲೆಗಳನ್ನು ಸರಿಪಡಿಸಿಕೊಂಡು, ಮೇಲ್ಕಂಡ ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.