ಹೆಸರಿನ ಹಿಂದೆ ಹೆಸರು
ಇಂಗ್ಲೆಂಡಿನ ದಾಖಲೆಗಳಲ್ಲಿ ಪೂರ್ವಜರ ಹುಡುಕಾಟ

ಚಾರ್ಲಿ ಚಾಪ್ಲಿನ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಬಿಗಿಯಾದ ಕೋಟು, ದೊಗಳೆ ಷರಾಯಿ, ಕೈಯಲ್ಲೊಂದು ಬೆತ್ತ. ಆ ಆಕೃತಿಯನ್ನು ನಮ್ಮ ಹಳ್ಳಿಯ ಮಕ್ಕಳೂ ಗುರುತಿಸುತ್ತಾರೆ. ಆದರೆ ಒಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ಇಷ್ಟು ಪ್ರಸಿದ್ಧನಾದ ಮನುಷ್ಯನ ಜನನದ ನೋಂದಣಿ ಇಂದಿಗೂ ಸಿಕ್ಕಿಲ್ಲ. 1952ರಲ್ಲಿ ಬ್ರಿಟನ್ನಿನ ಗುಪ್ತಚರ ಸಂಸ್ಥೆಯಾದ ಎಂಐ5 ಇದಕ್ಕಾಗಿ ಹುಡುಕಾಟ ನಡೆಸಿ ಬರಿಗೈಯಲ್ಲಿ ಮರಳಿತು.

ಹಾಗಿದ್ದರೆ ಆತನ ಬಾಲ್ಯದ ಬಗ್ಗೆ, ತಂದೆತಾಯಿಯ ಬಗ್ಗೆ ನಾವು ಇಷ್ಟೊಂದು ಖಚಿತವಾಗಿ ಮಾತನಾಡುವುದು ಹೇಗೆ? ಉತ್ತರ ಇಂಗ್ಲೆಂಡಿನ ಎರಡು ಬಗೆಯ ಸರ್ಕಾರಿ ಪುಸ್ತಕಗಳಲ್ಲಿದೆ. ಒಂದು, ಜನನ ಮರಣ ವಿವಾಹಗಳ ನೋಂದಣಿ. ಇನ್ನೊಂದು, ನಮ್ಮ ಹಿರಿಯರು ಖಾನೇಷುಮಾರಿ ಎಂದು ಕರೆಯುತ್ತಿದ್ದ ಜನಗಣತಿ. ರಾಜರ, ಜಮೀನ್ದಾರರ ವಂಶಾವಳಿಯನ್ನು ಬರೆದಿಡಲು ಎಲ್ಲ ಕಾಲದಲ್ಲೂ ಜನರಿದ್ದರು. ಗಿರಣಿಯ ಕೂಲಿ, ಮನೆಗೆಲಸದ ಹುಡುಗಿ, ಗಣಿಯ ಕಾರ್ಮಿಕ ಇವರ ಹೆಸರನ್ನು ಯಾರು ಬರೆದಿಟ್ಟರು? ತನ್ನದೇ ಕಾರಣಗಳಿಗಾಗಿ ಸರ್ಕಾರ ಬರೆದಿಟ್ಟಿತು. ಅದರಿಂದಾಗಿಯೇ ಇಂದು ಇಂಗ್ಲೆಂಡಿನ ಒಬ್ಬ ಸಾಮಾನ್ಯ ಮನುಷ್ಯ ತನ್ನ ಮುತ್ತಾತನ ತಾತನವರೆಗೆ ಹೆಜ್ಜೆಹೆಜ್ಜೆಯಾಗಿ ನಡೆದುಹೋಗಬಲ್ಲ.

ನೋಂದಣಿ ಏಕೆ ಬಂತು?

ಇಂಗ್ಲೆಂಡಿನಲ್ಲಿ 1538ರಿಂದಲೇ ಚರ್ಚುಗಳು ಪುಸ್ತಕ ಇಡಬೇಕೆಂಬ ಆಜ್ಞೆಯಿತ್ತು. ದೊರೆ ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆ ಅದು. ಆದರೆ ಆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆಯುತ್ತಿದ್ದುದು ಹುಟ್ಟನ್ನಲ್ಲ, ದೀಕ್ಷಾಸ್ನಾನವನ್ನು, ಸಾವನ್ನಲ್ಲ, ಸಮಾಧಿಯನ್ನು. ಅಧಿಕೃತ ಚರ್ಚಿಗೆ ಸೇರದ ಬ್ಯಾಪ್ಟಿಸ್ಟರು, ಕ್ವೇಕರರು, ಕ್ಯಾಥೊಲಿಕರು ಹಲವೊಮ್ಮೆ ಅದರ ಹೊರಗೇ ಉಳಿಯುತ್ತಿದ್ದರು. ಅವರಲ್ಲೊಬ್ಬನ ಮಗ ಪಿತ್ರಾರ್ಜಿತ ಆಸ್ತಿಗಾಗಿ ನ್ಯಾಯಾಲಯಕ್ಕೆ ಹೋದರೆ, ತಾನು ಇಂಥವರ ಮಗ ಎಂದು ಸಾಧಿಸುವುದೇ ಕಷ್ಟವಾಗುತ್ತಿತ್ತು. ಈ ಅಸಮಾಧಾನದ ಜೊತೆಗೆ, ಜನ ಯಾವ ಕಾಯಿಲೆಯಿಂದ ಎಷ್ಟನೆಯ ವಯಸ್ಸಿನಲ್ಲಿ ಸಾಯುತ್ತಿದ್ದಾರೆಂದು ತಿಳಿಯುವ ಅಗತ್ಯವೂ ಸೇರಿಕೊಂಡಿತು.

1836ರಲ್ಲಿ ಕಾನೂನುಗಳು ಬಂದವು. 1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಣಿ ಆರಂಭವಾಯಿತು. ಸ್ಕಾಟ್ಲೆಂಡಿನಲ್ಲಿ ಇದು ಬಂದದ್ದು 1855ರಲ್ಲಿ. ಬಡವರ ಪರಿಹಾರಕ್ಕಾಗಿ ಆಗತಾನೇ ರಚಿಸಿದ್ದ ವಲಯಗಳನ್ನೇ ಬಹುಮಟ್ಟಿಗೆ ನೋಂದಣಿ ಜಿಲ್ಲೆಗಳನ್ನಾಗಿ ಮಾಡಿಕೊಂಡರು. ಸ್ಥಳೀಯ ಪುಸ್ತಕದ ಪ್ರತಿ ಮೂರು ತಿಂಗಳಿಗೊಮ್ಮೆ ಲಂಡನ್ನಿನ ಕೇಂದ್ರ ಕಚೇರಿಗೆ ಹೋಗುತ್ತಿತ್ತು. ಅಲ್ಲಿ ವಿಲಿಯಂ ಫಾರ್ ಎಂಬ ಸಂಖ್ಯಾತಜ್ಞರು ಸಾವಿನ ಕಾರಣಗಳನ್ನು ವರ್ಗೀಕರಿಸಿ, ಯಾವ ಕೇರಿಯಲ್ಲಿ ಕಾಲರಾ, ಎಲ್ಲಿ ಕ್ಷಯ ಎಂಬ ಲೆಕ್ಕವನ್ನು ದೇಶದ ಮುಂದಿಟ್ಟರು.

ಒಂದು ಮಾತನ್ನು ಗಮನದಲ್ಲಿಡಿ. ಮೊದಲ ದಶಕಗಳಲ್ಲಿ ಮಗುವಿನ ಜನನವನ್ನು ತಾವಾಗಿ ಹೋಗಿ ತಿಳಿಸುವ ಹೊಣೆ ತಂದೆತಾಯಿಯ ಮೇಲೆ ಇರಲಿಲ್ಲ. ಹುಡುಕಿಕೊಂಡು ಹೋಗಿ ಬರೆದುಕೊಳ್ಳುವ ಕೆಲಸ ರಿಜಿಸ್ಟ್ರಾರನದಾಗಿತ್ತು. ಹೀಗಾಗಿ ಆ ಕಾಲದ ಅನೇಕ ಹುಟ್ಟುಗಳು ಪುಸ್ತಕಕ್ಕೆ ಬಂದೇ ಇಲ್ಲ. 1875ರಿಂದ ತಿಳಿಸುವ ಹೊಣೆ ಹೆತ್ತವರಿಗೆ ಬಂತು, ತಪ್ಪಿದರೆ ದಂಡವೂ ಬಂತು. ಅದಾದ ಮೇಲೂ ಕೆಲವರು ತಪ್ಪಿಸಿಕೊಂಡರು ಎಂಬುದಕ್ಕೆ 1889ರಲ್ಲಿ ಹುಟ್ಟಿದ ಚಾಪ್ಲಿನ್ನನೇ ಉದಾಹರಣೆ.

ಮೂರು ಪತ್ರಗಳು ಹೇಳುವುದೇನು?

ಜನನ ಪತ್ರದಲ್ಲಿ ಹುಟ್ಟಿದ ದಿನ, ಸ್ಥಳ, ತಂದೆಯ ಹೆಸರು, ಕಸುಬು, ಸುದ್ದಿ ತಿಳಿಸಿದವರ ವಿಳಾಸ ಇರುತ್ತವೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ತಾಯಿಯ ತವರಿನ ಹೆಸರು. ಅದೊಂದು ಸಿಕ್ಕಿತೆಂದರೆ ತಂದೆತಾಯಿಯ ವಿವಾಹ ದಾಖಲೆಯನ್ನು ಹುಡುಕಬಹುದು. ಹುಟ್ಟಿದ ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಜಾತಕ ಬರೆಸುವವರು ಯಾರೂ ಇರಲಿಲ್ಲ. ಗಂಟೆ ನಿಮಿಷ ನಮೂದಾಗಿದ್ದರೆ ಅವಳಿ ಮಕ್ಕಳಿರಬಹುದೆಂದು ಅನುಮಾನಿಸಿ. ತಂದೆಯ ಅಂಕಣ ಖಾಲಿ ಇದ್ದರೆ ಬಹುಮಟ್ಟಿಗೆ ತಾಯಿ ಅವಿವಾಹಿತೆ ಎಂದರ್ಥ.

ವಿವಾಹ ಪತ್ರದಲ್ಲಿ ವಧೂವರರ ವಯಸ್ಸು, ಕಸುಬು, ವಾಸ, ಇಬ್ಬರ ತಂದೆಯರ ಹೆಸರು ಮತ್ತು ಕಸುಬು ಇರುತ್ತವೆ. ತಾಯಂದಿರ ಹೆಸರಿಗೆ ಅಲ್ಲಿ ಜಾಗ ಸಿಕ್ಕಿದ್ದು 2021ರ ಮೇ 4ರಿಂದ. ನೂರಾ ಎಂಬತ್ತಕ್ಕೂ ಹೆಚ್ಚು ವರ್ಷ ಇಂಗ್ಲೆಂಡಿನ ತಾಯಂದಿರು ತಮ್ಮ ಮಕ್ಕಳ ಮದುವೆಯ ಕಾಗದದಲ್ಲಿ ಇರಲೇ ಇಲ್ಲ! ಹಳೆಯ ಪತ್ರಗಳಲ್ಲಿ ವಯಸ್ಸಿನ ಬದಲು 'ಪ್ರಾಪ್ತ ವಯಸ್ಕ' ಎಂದಷ್ಟೇ ಬರೆದಿರುವುದೂ ಉಂಟು. ಇಪ್ಪತ್ತೊಂದು ತುಂಬಿದೆ ಎಂದು ಮಾತ್ರ ಅದರಿಂದ ತಿಳಿಯಬೇಕು. ಸಹಿಯ ಜಾಗದಲ್ಲಿ ಗುಣಾಕಾರದ ಗುರುತು ಕಂಡರೆ ಆ ವ್ಯಕ್ತಿಗೆ ಓದುಬರಹ ಬರುತ್ತಿರಲಿಲ್ಲವೆಂದು ಊಹಿಸಬಹುದು.

ಮರಣ ಪತ್ರ ವಂಶ ಹುಡುಕುವವರಿಗೆ ಸ್ವಲ್ಪ ಬಡ ದಾಖಲೆ. ಕಾರಣ, ವಿವರ ಕೊಡುವವನು ಸತ್ತ ವ್ಯಕ್ತಿಯಲ್ಲ, ಮಗನೋ ನೆರೆಯವಳೋ. 1969ಕ್ಕೆ ಮೊದಲು ಅದರಲ್ಲಿ ಹುಟ್ಟಿದ ದಿನವಾಗಲಿ ಊರಾಗಲಿ ಇಲ್ಲ. ಆದರೆ ಸಾವಿನ ಕಾರಣ ಇದೆ, ಕಸುಬು ಇದೆ, ಕೊನೆಯಲ್ಲಿ ಹತ್ತಿರ ಇದ್ದವರು ಯಾರೆಂಬುದೂ ಇದೆ.

ಎಣಿಕೆಯ ರಾತ್ರಿ

ಇಂಗ್ಲೆಂಡಿನ ಜನಗಣತಿ 1801ರಲ್ಲಿ ಆರಂಭವಾಯಿತು. ಮೊದಲ ನಾಲ್ಕು ಗಣತಿಗಳು ತಲೆ ಎಣಿಸಿದವೇ ಹೊರತು ಹೆಸರು ಕೇಳಲಿಲ್ಲ. ದೇಶದ ಎಲ್ಲರ ಹೆಸರೂ ಬಂದದ್ದು 1841ರಲ್ಲಿ. ಒಂದು ನಿರ್ದಿಷ್ಟ ರಾತ್ರಿ ಯಾರು ಯಾವ ಮನೆಯಲ್ಲಿದ್ದರೋ ಅವರನ್ನು ಅಲ್ಲಿಯೇ ಎಣಿಸುವುದು ಪದ್ಧತಿ. ಮನೆಯವರಿಗೆ ಮೊದಲೇ ನಮೂನೆ ಹಂಚುತ್ತಿದ್ದರು. ಬರೆಯಲು ಬಾರದವರ ಪರವಾಗಿ ಗಣತಿದಾರನೇ ತುಂಬುತ್ತಿದ್ದ. ನಂತರ ಎಲ್ಲವನ್ನೂ ತನ್ನ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. 1901ರವರೆಗೆ ನಮಗೆ ಉಳಿದಿರುವುದು ಈ ನಕಲು. 1911ರಿಂದ ಮಾತ್ರ ಮನೆಯವರು ತಮ್ಮ ಕೈಯಾರೆ ತುಂಬಿದ ನಮೂನೆಗಳೇ ಉಳಿದಿವೆ.

1841ರ ಗಣತಿಯಲ್ಲಿ ಒಂದು ತೊಡಕಿದೆ. ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. ಮೂವತ್ತೊಂಬತ್ತರ ಹೆಂಗಸು ಮೂವತ್ತೈದರವಳಾಗುತ್ತಾಳೆ. ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕೆಂದೂ ಬರೆದಿಲ್ಲ. 1851ರಿಂದ ಸ್ಥಿತಿ ಸುಧಾರಿಸಿತು. ಮನೆಯ ಯಜಮಾನನಿಗೆ ಏನಾಗಬೇಕು, ಮದುವೆಯಾಗಿದೆಯೇ, ನಿಖರವಾದ ವಯಸ್ಸೆಷ್ಟು, ಕಸುಬೇನು, ಹುಟ್ಟಿದ್ದು ಯಾವ ಊರು ಎಂಬ ಅಂಕಣಗಳು ಬಂದವು. 1911ರ ನಮೂನೆ ವಿವಾಹಿತ ಸ್ತ್ರೀಯರಿಗೆ ಇನ್ನೂ ಒಂದು ಪ್ರಶ್ನೆ ಕೇಳಿತು: ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದಿದ್ದಾರೆ, ಎಷ್ಟು ತೀರಿಕೊಂಡರು. ಒಂದು ಕುಟುಂಬದ ಮೌನವಾದ ದುಃಖ ಮೂರು ಅಂಕಿಗಳಲ್ಲಿ ನಿಂತಿರುವುದನ್ನು ಅಲ್ಲಿ ಕಾಣಬಹುದು.

ಅದೇ 1911ರ ಏಪ್ರಿಲ್ 2ರ ರಾತ್ರಿ, ಮತದಾನದ ಹಕ್ಕಿಲ್ಲದ ತಮ್ಮನ್ನು ಎಣಿಸುವ ಹಕ್ಕು ಸರ್ಕಾರಕ್ಕೂ ಇಲ್ಲವೆಂದು ಅನೇಕ ಮಹಿಳೆಯರು ಗಣತಿಯನ್ನು ಬಹಿಷ್ಕರಿಸಿದರು. ಎಮಿಲಿ ವೈಲ್ಡಿಂಗ್ ಡೇವಿಸನ್ ಎಂಬ ಹೋರಾಟಗಾರ್ತಿ ಪಾರ್ಲಿಮೆಂಟಿನ ಕಟ್ಟಡದ ನೆಲಮಾಳಿಗೆಯ ಕಪಾಟೊಂದರಲ್ಲಿ ಅಡಗಿ ಕುಳಿತರು. ಆಕೆಯ ಹೆಸರು ಅಲ್ಲಿಯೂ ಸೇರಿತು, ಆಕೆ ಬಾಡಿಗೆಗಿದ್ದ ಮನೆಯಲ್ಲಿಯೂ ಸೇರಿತು. ಎಣಿಕೆ ಬೇಡವೆಂದವರು ಎರಡು ಸಲ ಎಣಿಸಲ್ಪಟ್ಟರು!

ನೂರು ವರ್ಷ ತುಂಬುವವರೆಗೆ ಗಣತಿಯ ಹೆಸರುಗಳು ಗುಟ್ಟಾಗಿರುತ್ತವೆ. 1921ರ ಗಣತಿ ಸಾರ್ವಜನಿಕರಿಗೆ ತೆರೆದದ್ದು 2022ರ ಜನವರಿಯಲ್ಲಿ. ಇದರ ಮುಂದಿನದು ನಮಗೆ ಸಿಗುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಕಾಗದಗಳೆಲ್ಲ 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದವು. 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಗುರುತಿನ ಚೀಟಿಗಾಗಿ 1939ರ ಸೆಪ್ಟೆಂಬರ್ 29ರಂದು ಮಾಡಿದ ಪಟ್ಟಿಯೊಂದು ಈ ಕಂದಕಕ್ಕೆ ಸೇತುವೆಯಾಗಿದೆ.

ಚಾಪ್ಲಿನ್ ಕುಟುಂಬದ ಕಾಗದಗಳು

ಈಗ ಮತ್ತೆ ಚಾಪ್ಲಿನ್ನನ ಕಡೆ ನೋಡೋಣ. ತಾಯಿ ಹನ್ನಾ ಹಿಲ್, ತಂದೆ ಅದೇ ಹೆಸರಿನ ಚಾರ್ಲ್ಸ್ ಚಾಪ್ಲಿನ್. ಇಬ್ಬರೂ ಲಂಡನ್ನಿನ ಮ್ಯೂಸಿಕ್ ಹಾಲುಗಳಲ್ಲಿ ಹಾಡುತ್ತಿದ್ದವರು. ಅವರ ಮದುವೆ 1885ರ ಜೂನ್ 22ರಂದು ವಾಲ್‌ವರ್ತ್‌ನಲ್ಲಿ ಆದದ್ದಕ್ಕೆ ದಾಖಲೆಯಿದೆ. ಹನ್ನಾಳ ಮೊದಲ ಮಗ ಸಿಡ್ನಿ ಹುಟ್ಟಿದ್ದು ಅದಕ್ಕೆ ಮೂರು ತಿಂಗಳು ಮೊದಲು, ತಾಯಿಯ 'ಹಿಲ್' ಹೆಸರಿನಲ್ಲಿ. ಈ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ಆ ಮನೆಯ ಕಥೆ ತೆರೆದುಕೊಳ್ಳುತ್ತದೆ.

ಚಾರ್ಲಿಯ ಜನನ ನೋಂದಣಿಯಿಲ್ಲ. ತಾನು ಹುಟ್ಟಿದ್ದು 1889ರ ಏಪ್ರಿಲ್ 16 ಎಂದು ಆತ ಹೇಳುತ್ತಿದ್ದ. ಅದೇ ವರ್ಷದ ಮೇ ತಿಂಗಳಲ್ಲಿ ರಂಗಭೂಮಿಯ ಪತ್ರಿಕೆಯೊಂದು ಪ್ರಕಟಿಸಿದ ಸುದ್ದಿ ಹದಿನೈದನೆಯ ತಾರೀಕು ಎನ್ನುತ್ತದೆ. 1891ರ ಏಪ್ರಿಲ್ 5ರ ಗಣತಿಯಲ್ಲಿ ಮಗು ವಾಲ್‌ವರ್ತ್‌ನ ಬಾರ್ಲೊ ಬೀದಿಯಲ್ಲಿ ತಾಯಿಯ ಜೊತೆ, ಅಣ್ಣನ ಜೊತೆ ಇದೆ. ಏಳನೆಯ ವಯಸ್ಸಿಗೆ ಹುಡುಗ ವರ್ಕ್‌ಹೌಸ್ ಎಂಬ ಬಡವರ ಆಶ್ರಯಕ್ಕೆ, ಅಲ್ಲಿಂದ ದಿಕ್ಕಿಲ್ಲದ ಮಕ್ಕಳ ಶಾಲೆಗೆ ಸೇರಿದ. 1898ರಲ್ಲಿ ತಾಯಿಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. 1901ರ ಮಾರ್ಚ್ 31ರ ಗಣತಿಯಲ್ಲಿ ಚಾರ್ಲಿ ಲ್ಯಾಂಬೆತ್‌ನ ಇನ್ನೊಬ್ಬರ ಮನೆಯಲ್ಲಿ ಕುಣಿಯುವ ಹುಡುಗರ ತಂಡದ ಜೊತೆ ಸಿಗುತ್ತಾನೆ. ಅದೇ ಮೇ ತಿಂಗಳಲ್ಲಿ ಮೂವತ್ತೆಂಟು ವಯಸ್ಸಿನ ತಂದೆ ಯಕೃತ್ತಿನ ರೋಗದಿಂದ ತೀರಿಕೊಂಡ.

ಒಂದು ಕಾಗದ ಕಾಣೆಯಾದರೂ ಉಳಿದವು ಸೇರಿ ಒಂದು ಬಾಲ್ಯವನ್ನು ಎತ್ತಿ ನಿಲ್ಲಿಸಿದವು. ಇದೇ ಈ ವಿದ್ಯೆಯ ತಿರುಳು. ಒಂಟಿ ದಾಖಲೆಯನ್ನು ಪೂರ್ತಿ ನಂಬಬಾರದು; ಒಂದು ದಾಖಲೆ ಇಲ್ಲವೆಂದು ಕೈಚೆಲ್ಲಲೂ ಬಾರದು.

ಹಿಂದಕ್ಕೆ ನಡೆಯುವ ದಾರಿ

ಹಾಗಾದರೆ ಹುಡುಕುವುದು ಹೇಗೆ? ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ, ಇಂದಿನಿಂದ ಹಿಂದಕ್ಕೆ ನಡೆಯಬೇಕು. ಒಂದು ಉದಾಹರಣೆ ನೋಡಿ. 1881ರ ಏಪ್ರಿಲ್ 3ರ ಗಣತಿಯಲ್ಲಿ ಒಬ್ಬನ ವಯಸ್ಸು 35 ಎಂದಿದೆ. ವಯಸ್ಸು ಸರಿಯಿದ್ದರೆ ಅವನು 1845ರ ಏಪ್ರಿಲ್ ಮತ್ತು 1846ರ ಏಪ್ರಿಲ್ ನಡುವೆ ಹುಟ್ಟಿರಬೇಕು. ಜನನವನ್ನು ನಲವತ್ತೆರಡು ದಿನಗಳೊಳಗೆ ಬರೆಸಬಹುದಾಗಿತ್ತು. ಸೂಚಿಗಳು ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಎಂಬ ತ್ರೈಮಾಸಿಕಗಳಲ್ಲಿ, ನೋಂದಣಿಯಾದ ದಿನವನ್ನು ಅನುಸರಿಸಿ ಇವೆ. ಆದ್ದರಿಂದ 1846ರ ಜೂನ್ ತ್ರೈಮಾಸಿಕದವರೆಗೂ ನೋಡಬೇಕು. ಅದೇ ಹೆಸರಿನವರು ನಾಲ್ವರು ಸಿಕ್ಕಿದರೆ ಗಣತಿಯಲ್ಲಿರುವ ಹುಟ್ಟೂರನ್ನು ನೋಂದಣಿ ಜಿಲ್ಲೆಯೊಂದಿಗೆ ತಾಳೆ ನೋಡಿ. ನಂತರ ಪ್ರಮಾಣಪತ್ರದಲ್ಲಿರುವ ತಂದೆಯ ಹೆಸರನ್ನು ವಿವಾಹ ಪತ್ರದೊಂದಿಗೆ, ಆ ಮನೆಯನ್ನು 1851ರ ಗಣತಿಯೊಂದಿಗೆ ಹೋಲಿಸಿ.

ಹೆಸರಿನ ಕಾಗುಣಿತಕ್ಕೆ ಅಂಟಿಕೊಳ್ಳಬೇಡಿ. ಗಣತಿದಾರ ಕಿವಿಗೆ ಬಿದ್ದಂತೆ ಬರೆದ. ವಯಸ್ಸನ್ನೂ ಅತಿಯಾಗಿ ನಂಬಬೇಡಿ. ಹತ್ತು ವರ್ಷಗಳಲ್ಲಿ ಏಳೇ ವರ್ಷ ಬೆಳೆದ ಹೆಂಗಸರೂ ಗಂಡಸರೂ ಆ ಪುಸ್ತಕಗಳಲ್ಲಿ ಧಾರಾಳವಾಗಿದ್ದಾರೆ.

ಹಿಂದೆ ಈ ಕೆಲಸಕ್ಕೆ ಲಂಡನ್ನಿಗೇ ಹೋಗಬೇಕಿತ್ತು. ಜನನಕ್ಕೆ ಕೆಂಪು, ಮದುವೆಗೆ ಹಸಿರು, ಮರಣಕ್ಕೆ ಕಪ್ಪು ರಟ್ಟಿನ ಭಾರವಾದ ಸೂಚಿಗಳನ್ನು ಜನ ಸಾಲಾಗಿ ನಿಂತು ತಿರುವುತ್ತಿದ್ದರು. ಈಗ ಅವುಗಳಲ್ಲಿ ಬಹುಪಾಲನ್ನು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ನೋಡಬಹುದು.

ನಮ್ಮ ನೆಲದ ಕೊಂಡಿ

ಇದರಲ್ಲಿ ನಮಗೇನು ಎಂದು ನೀವು ಕೇಳಬಹುದು. ಬೆಂಗಳೂರು ದಂಡಿನಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ಇಂಗ್ಲೆಂಡಿನ ಎಷ್ಟೋ ಕುಟುಂಬಗಳು ಬಾಳಿದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದ ಮೇಲೆ ಕಾರ್ನ್‌ವಾಲಿನ ತವರದ ಗಣಿಗಳ ಕೆಲಸಗಾರರು ಇಲ್ಲಿಗೆ ಬಂದರು. ಅವರ ಊರಿನ ಗಣತಿ ಪುಸ್ತಕಗಳಲ್ಲಿ ಯಜಮಾನನಿಲ್ಲದೆ ಬರಿಯ 'ಹೆಂಡತಿ' ಎಂದು ಬರೆದಿರುವ ಮನೆ ಸಿಕ್ಕರೆ, ಗಂಡ ಕಡಲಾಚೆ ದುಡಿಯುತ್ತಿದ್ದಿರಬಹುದು. ಭಾರತದಲ್ಲಿದ್ದವರು ಇಂಗ್ಲೆಂಡಿನ ಗಣತಿಗೆ ಸಿಗುವುದಿಲ್ಲ. ಆದರೆ ಇಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಮೊದಲ ಮೆಟ್ಟಿಲು ಅವೇ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಅಂಥ ಹಿರಿಯರಿದ್ದರೆ ಪುಸ್ತಕಗಳ ಕಡೆ ಹೋಗುವ ಮೊದಲು ಅವರ ಬಳಿ ಕುಳಿತುಕೊಳ್ಳಿ. ತಾಯಿಯ ತವರಿನ ಹೆಸರೇನು, ಅಜ್ಜನ ಕಸುಬೇನು, ಯಾವ ಚರ್ಚಿನಲ್ಲಿ ಮದುವೆಯಾಯಿತು ಎಂದು ಕೇಳಿ ಬರೆದುಕೊಳ್ಳಿ. ದಾಖಲೆಗಳು ನೂರು ವರ್ಷ ಕಾಯುತ್ತವೆ, ಹಿರಿಯರು ಕಾಯುವುದಿಲ್ಲ.