ತುಂಗಭದ್ರಾ ಅಣೆಕಟ್ಟು: ಹೂಳೋ ಸರಪಳಿಯೋ

ಕ್ರಿ.ಶ. 1369ರ ಪೋರುಮಾಮಿಳ್ಳ ಶಾಸನವು ಕೆರೆಗೆ ಅವಶ್ಯವಾದ ಹನ್ನೆರಡು ಸಾಧನಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಕಟ್ಟೆಯಿಂದ ನೀರು ಜಿನುಗುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಮತ್ತೊಂದು. 1945ರಲ್ಲಿ ಮದರಾಸು ಆಧಿಪತ್ಯವೂ ಹೈದರಾಬಾದು ಸಂಸ್ಥಾನವೂ ಎರಡು ದಡಗಳಲ್ಲಿ ಪ್ರತ್ಯೇಕವಾಗಿ ಶಂಕುಸ್ಥಾಪನೆ ಮಾಡಿದ ತುಂಗಭದ್ರಾ ಅಣೆಕಟ್ಟು ಈ ಎರಡನೆಯ ದೋಷವನ್ನು ಹೊತ್ತೇ ಹುಟ್ಟಿತೆನ್ನಬೇಕು.

1953ರಲ್ಲಿ ನೀರು ನಿಂತಾಗ ಜಲಾಶಯದ ಧಾರಣಶಕ್ತಿ ಸುಮಾರು 133 ಟಿ.ಎಂ.ಸಿ. ಅಡಿಗಳಷ್ಟಿತ್ತು. 2016ರ ಅಳತೆಯಲ್ಲಿ ಅದು ಸುಮಾರು 105.8ಕ್ಕೆ ಇಳಿದಿತ್ತು. ಪಾಲುದಾರ ರಾಜ್ಯಗಳ ಚರ್ಚೆಯೆಲ್ಲ ಈ ಹೂಳಿನ ಸುತ್ತಲೇ ತಿರುಗಿದುದು ಸಹಜ. ಕುಗ್ಗಿದ ನೀರನ್ನು ಪಾಲು ಮಾಡಬಹುದು, ಸವೆದ ಕಬ್ಬಿಣವನ್ನು ಯಾರೂ ಪಾಲು ಕೇಳುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಲಾಯಿತು. ಆದರೂ 2025ರ ಮಳೆಗಾಲದಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಿಗೊಳಿಸಬೇಕಾಯಿತು. ಇಲ್ಲಿ ಲೆಕ್ಕವನ್ನು ಗಮನಿಸಬೇಕು: ಅರವತ್ತಕ್ಕೂ ಹೆಚ್ಚು ವರ್ಷಗಳ ಹೂಳು ಕಸಿದುಕೊಂಡುದು ಸುಮಾರು 27, ಹಳೆಯ ಗೇಟುಗಳು ಒಂದೇ ವರ್ಷದಲ್ಲಿ ಬಿಡಿಸಿದುದು ಸುಮಾರು 26.

ಆದುದರಿಂದ ದುರಸ್ತಿಯ ಆದ್ಯತೆಯನ್ನು ನಷ್ಟದ ಗಾತ್ರವೊಂದರಿಂದಲೇ ನಿರ್ಣಯಿಸುವುದು ಸರಿಯಲ್ಲ. ಹೂಳು ಮೆಲ್ಲನೆ, ಎಚ್ಚರಿಕೆ ಕೊಡುತ್ತ ಬರುತ್ತದೆ. ಸರಪಳಿಯ ಕೊಂಡಿ ಹಾಗಲ್ಲ. ವಿಜಯನಗರದ ಅರಸರು ಇದೇ ನದಿಗೆ ಹಾಕಿಸಿದ ಅಡ್ಡಕಟ್ಟೆಗಳೂ ಕಾಲುವೆಗಳೂ ಇಂದಿಗೂ ಉಪಯೋಗದಲ್ಲಿವೆ. ಆ ಕಟ್ಟೆಗಳ ಮೇಲೆ ಪ್ರವಾಹ ತಾನೇ ಉಕ್ಕಿ ಹರಿಯುತ್ತದೆ, ಎತ್ತಿ ಇಳಿಸಬೇಕಾದ ಗೇಟಿಲ್ಲ. ತುಂಗಭದ್ರೆಯಲ್ಲಾದರೋ 1613 ಅಡಿಯವರೆಗೆ ಕಲ್ಲುಗಾರೆ ನೀರನ್ನು ತಡೆದರೆ, ಅಲ್ಲಿಂದ 1633 ಅಡಿಯವರೆಗಿನ ಇಪ್ಪತ್ತು ಅಡಿ ನೀರು 33 ಗೇಟುಗಳ ಆಧಾರದಲ್ಲಿ ನಿಂತಿದೆ. ಕಲ್ಲಿನ ಆಯುಷ್ಯವೂ ಕಬ್ಬಿಣದ ಆಯುಷ್ಯವೂ ಒಂದಲ್ಲ.

ನಮ್ಮ ಕೆರೆಗಳ ಶಾಸನಗಳಲ್ಲಿ ಹೂಳೆತ್ತುವ ಬಂಡಿಗಳಿಗಾಗಿ ಬಿಟ್ಟ ದತ್ತಿಗಳು ಕಾಣುತ್ತವೆ. ನಿರ್ವಹಣೆಗೆ ಪ್ರತ್ಯೇಕ ಆದಾಯವನ್ನು ಗೊತ್ತುಮಾಡುವುದು ಆಗಿನ ಪದ್ಧತಿ. ಇಂದಿನ ತೊಡಕು ಹಣಕ್ಕಿಂತ ಕಾಲದ್ದು. ಗೇಟನ್ನು ಬಿಚ್ಚಬೇಕಾದರೆ ನೀರು 1613 ಅಡಿಗಿಂತ ಕೆಳಗಿರಬೇಕು. ನೀರು ಇಳಿಯುವ ಆ ತಿಂಗಳುಗಳಲ್ಲೇ ಎರಡನೆಯ ಬೆಳೆಯ ರೈತನು ಕಾಲುವೆಯತ್ತ ನೋಡುತ್ತಿರುತ್ತಾನೆ.